ರಾಸ್ಸಿ ಬೀದಿಯ ಮಕ್ಕಳು

ಸೇಂಟ್ ಪೀಟರ್ಸ್‌ಬರ್ಗ್ ನಗರದ ನಡುವೆ ಅಳತೆಗೋಲು ಹಿಡಿದು ಕಟ್ಟಿದ ಬೀದಿಯೊಂದಿದೆ. ಅಗಲ 22 ಮೀಟರ್, ಎರಡೂ ಬದಿಯ ಕಟ್ಟಡಗಳ ಎತ್ತರ 22 ಮೀಟರ್, ಉದ್ದ 220 ಮೀಟರ್. ಕಟ್ಟಿದ ವಾಸ್ತುಶಿಲ್ಪಿ ಕಾರ್ಲೊ ರಾಸ್ಸಿಯ ಹೆಸರೇ ಈಗ ಬೀದಿಗಿದೆ. ಹಿಂದೆ ಅದನ್ನು ಥಿಯೇಟರ್ ಬೀದಿ ಎನ್ನುತ್ತಿದ್ದರು. ಮಕ್ಕಳ ಮೈಯಳತೆಯನ್ನೂ ಇಷ್ಟೇ ಕಟ್ಟುನಿಟ್ಟಾಗಿ ನೋಡುವ ಶಾಲೆಯೊಂದು 1836ರಿಂದ ಇಲ್ಲಿ ನಡೆಯುತ್ತಿದೆ. ಅದರ ಈಗಿನ ಹೆಸರು ವಗಾನೊವಾ ರಷ್ಯನ್ ಬ್ಯಾಲೆ ಅಕಾಡೆಮಿ.

ಹತ್ತರ ಆಸುಪಾಸಿನ ಮಕ್ಕಳು ಇಲ್ಲಿ ಸೇರಲು ಬರುತ್ತಾರೆ. ಪರೀಕ್ಷೆ ಸುತ್ತು ಸುತ್ತಾಗಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಕುಣಿದು ತೋರಿಸು ಎನ್ನುವುದಿಲ್ಲ. ಮಗುವನ್ನು ನಿಲ್ಲಿಸಿ ಕಾಲಿನ ಉದ್ದ, ಕತ್ತು, ಬೆನ್ನು ನೋಡುತ್ತಾರೆ. ತೊಡೆಸಂದು ಹೊರಕ್ಕೆ ಎಷ್ಟು ತಿರುಗುತ್ತದೆ, ಪಾದ ಎಷ್ಟು ಬಾಗುತ್ತದೆ, ನಿಂತಲ್ಲೇ ಎಷ್ಟೆತ್ತರ ಜಿಗಿಯುತ್ತದೆ ಎಂದು ಪರೀಕ್ಷಿಸುತ್ತಾರೆ. ಆಮೇಲೆ ವೈದ್ಯರ ಸರದಿ. ತಾಳದ ಅರಿವು, ಸಂಗೀತದ ಕಿವಿ ಎಲ್ಲ ಅದಾದ ಮೇಲೆ. ಮುಂದೆ ಕುಣಿಯುತ್ತ ಜಗತ್ತನ್ನೇ ಸುತ್ತಿದ ಅನ್ನಾ ಪಾವ್ಲೊವಾ ಅವರನ್ನೂ ಮೊದಲ ಸಲ ತೀರ ಚಿಕ್ಕವಳು ಎಂದು ಇಲ್ಲಿಂದ ವಾಪಸು ಕಳಿಸಿದ್ದರು. ಬಟ್ಟೆ ಒಗೆದು ಜೀವನ ಸಾಗಿಸುತ್ತಿದ್ದ ತಾಯಿ ಮಗಳನ್ನು ಮತ್ತೆ ಕರೆತಂದರು, 1891ರಲ್ಲಿ ಸೇರಿಸಿಕೊಂಡರು.

ಶಾಲೆ ಶುರುವಾದದ್ದು 1738ರಲ್ಲಿ. ರಾಣಿ ಅನ್ನಾ ಇವಾನೊವ್ನಾ ಅಪ್ಪಣೆ ಕೊಟ್ಟಳು, ಝಾನ್ ಬಾಪ್ಟಿಸ್ಟ್ ಲಾಂದೆ ಎಂಬ ಫ್ರೆಂಚ್ ಮೇಷ್ಟ್ರು ಪಾಠ ಹೇಳಿದರು. ಮೊದಲ ತಂಡದಲ್ಲಿದ್ದದ್ದು 12 ಹುಡುಗರು, 12 ಹುಡುಗಿಯರು. ಎಲ್ಲರೂ ಅರಮನೆಯ ಆಳುಕಾಳುಗಳ ಮಕ್ಕಳು. ಬ್ಯಾಲೆ ಸಿರಿವಂತರ ಷೋಕಿ ಎಂಬ ಮಾತಿದೆಯಲ್ಲ, ಅದು ಕೂತು ನೋಡಿದವರ ಮಟ್ಟಿಗೆ ನಿಜವಿರಬಹುದು, ಕುಣಿದವರ ಮಟ್ಟಿಗಲ್ಲ.

ಶಾಲೆಗೆ ಹೆಸರು ಕೊಟ್ಟ ಅಗ್ರಿಪ್ಪಿನಾ ವಗಾನೊವಾ (1879–1951) ಇಲ್ಲೇ ಕಲಿತವರು. ರಂಗದ ಮೇಲೆ ಅವರಿಗೆ ಮನ್ನಣೆ ಸಿಕ್ಕಿದ್ದು ತೀರ ತಡವಾಗಿ. ನಿವೃತ್ತಿಗೆ ಒಂದು ವರ್ಷವಿದ್ದಾಗ ಬ್ಯಾಲೆರಿನಾ, ಅಂದರೆ ಮುಖ್ಯ ನರ್ತಕಿಯ ಪಟ್ಟ ಕೊಟ್ಟರು. 1921ರಲ್ಲಿ ಇಲ್ಲಿ ಪಾಠಕ್ಕೆ ನಿಂತ ಮೇಲೆ ಅವರ ನಿಜವಾದ ಕೆಲಸ ಆರಂಭವಾಯಿತು. ಕಾಲು ಮಾತ್ರ ಚುರುಕಾದರೆ ಸಾಲದು, ಬೆನ್ನು, ತೋಳು, ಕತ್ತು, ಕಣ್ಣು ಒಟ್ಟಿಗೆ ಹೊರಡಬೇಕು ಎಂಬುದು ಅವರ ಪಟ್ಟು. 1934ರಲ್ಲಿ ಅದನ್ನು ಪುಸ್ತಕವಾಗಿ ಬರೆದರು. ಇವತ್ತು ಬೇರೆ ಬೇರೆ ದೇಶಗಳಲ್ಲಿ ‘ವಗಾನೊವಾ ಪದ್ಧತಿ’ ಎಂದು ಕಲಿಸುವುದು ಅದನ್ನೇ.

ಎಂಟು ವರ್ಷದ ಓದು. ಗಣಿತ, ಇತಿಹಾಸದ ಜೊತೆಗೇ ಫ್ರೆಂಚ್, ಪಿಯಾನೊ, ಅಭಿನಯ, ಜನಪದ ಕುಣಿತಗಳ ಪಾಠವೂ ಒಂದೇ ಸೂರಿನಡಿ. ಪರ ಊರಿನ ಮಕ್ಕಳಿಗೆ ಹಾಸ್ಟೆಲ್ ಇದೆ. ಕಾರಿಡಾರಿನಲ್ಲಿ ದೊಡ್ಡವರು ಎದುರಾದರೆ ಹುಡುಗಿಯರು ಮಂಡಿ ಬಾಗಿಸಿ, ಹುಡುಗರು ತಲೆ ಬಾಗಿಸಿ ವಂದಿಸಬೇಕು. ಎದುರಿಗೆ ಬಂದವರ ಗುರುತಿರಲಿ, ಬಿಡಲಿ.

ತರಗತಿಗೆ ಮುಂಚೆ ಮರದ ನೆಲಕ್ಕೆ ನೀರು ಚಿಮುಕಿಸುತ್ತಾರೆ, ಗಿಡಕ್ಕೆ ಹಾಕುವ ಝಾರಿಯಲ್ಲೇ. ಕಾಲು ಜಾರದಿರಲಿ ಎಂದು. ಮೂಲೆಯಲ್ಲಿ ಪಿಯಾನೊ ನುಡಿಸುವವರು ಕೂತಿರುತ್ತಾರೆ. ಗೋಡೆಗುಂಟ ಸೊಂಟದೆತ್ತರದಲ್ಲಿ ಮರದ ಕಂಬಿ, ಅದೇ ಬಾರ್. ಮೊದಲ ವರ್ಷದವರು ಎರಡೂ ಕೈಯಲ್ಲಿ ಕಂಬಿ ಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಪಾದವನ್ನು ನೆಲಕ್ಕೊತ್ತಿ ಸವರುತ್ತ ಚಾಚುವುದು, ಹಾಗೇ ಸವರುತ್ತ ವಾಪಸು ತರುವುದು: ಇದು ತಾಂದ್ಯು. ಮಂಡಿಯನ್ನು ಹೊರಮುಖವಾಗಿ ಮಡಿಸಿ ಇಳಿದು ಏಳುವುದು ಪ್ಲಿಯೆ. ತಿಂಗಳುಗಟ್ಟಲೆ ಇದೇ, ನಿಧಾನವಾಗಿ, ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ. ಹೆಬ್ಬೆರಳಿನ ಮೇಲೆ ಭಾರ ಬಿದ್ದು ಪಾದ ಒಳಕ್ಕೆ ಕುಸಿದರೆ ಗುರುಗಳ ಕೈ ಬಂದು ಹಿಮ್ಮಡಿಯನ್ನು ತಿದ್ದುತ್ತದೆ. ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಬೇಸರದ ದೃಶ್ಯ ಇನ್ನೊಂದಿಲ್ಲ. ಹತ್ತು ವರ್ಷದ ಮಗುವಿಗೂ ಬೇಸರವೇ.

ಈ ಬೇಸರಕ್ಕೆ ಶಾಲೆ ಮೊದಲಿನಿಂದಲೂ ಒಂದೇ ಮದ್ದು ಇಟ್ಟುಕೊಂಡಿದೆ. ಮಕ್ಕಳನ್ನು ರಂಗಕ್ಕೆ ಹತ್ತಿಸುವುದು. ವರ್ಷದ ಕೊನೆಗೆ ಅಪ್ಪ ಅಮ್ಮಂದಿರ ಮುಂದೆ ಮಾಡುವ ಶಾಲಾ ವಾರ್ಷಿಕೋತ್ಸವದ ಮಾತಲ್ಲ ಇದು. ಅದೇ ನಗರದ ಮಾರಿನ್‌ಸ್ಕಿ ಥಿಯೇಟರಿನ ದೊಡ್ಡ ರಂಗ, ಕೆಳಗೆ ಪೂರ್ಣ ವಾದ್ಯವೃಂದ, ಟಿಕೆಟ್ ಕೊಂಡು ಬಂದ ಜನ, ಪಕ್ಕದಲ್ಲಿ ವೃತ್ತಿಪರ ಕಲಾವಿದರು. ನಮ್ಮ ಯಕ್ಷಗಾನ ಮೇಳಗಳಲ್ಲಿ ಹುಡುಗರು ಮೊದಲು ಕೋಡಂಗಿಯಾಗಿ, ಆಮೇಲೆ ಬಾಲಗೋಪಾಲನಾಗಿ ಪೂರ್ವರಂಗದಲ್ಲಿ ಕುಣಿದು ಕಾಲು ಪಳಗಿಸಿಕೊಂಡ ಮೇಲಷ್ಟೇ ಪ್ರಸಂಗದ ವೇಷ ಕಟ್ಟುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ಮಕ್ಕಳ ಪಾಲಿಗೆ ಇದರಲ್ಲಿ ದೊಡ್ಡದು ‘ನಟ್‌ಕ್ರ್ಯಾಕರ್’. ಚೈಕೋವ್ಸ್ಕಿ ಸಂಗೀತದ ಈ ಬ್ಯಾಲೆ ಮಾರಿನ್‌ಸ್ಕಿಯಲ್ಲಿ ಮೊದಲು ಆದದ್ದು 1892ರ ಡಿಸೆಂಬರ್‌ನಲ್ಲಿ. ನೃತ್ಯ ಕಟ್ಟಬೇಕಿದ್ದ ಮರಿಯುಸ್ ಪೆಟಿಪಾ ಕಾಯಿಲೆ ಬಿದ್ದರು, ಅವರ ಸಹಾಯಕ ಲೆವ್ ಇವಾನೊವ್ ನೃತ್ಯ ಕಟ್ಟಿದರು. ಕ್ರಿಸ್‌ಮಸ್ ಹಬ್ಬದ ಮನೆ, ಆಟಿಕೆ ಸೈನಿಕರಿಗೂ ಇಲಿಗಳಿಗೂ ಕಾಳಗ, ಆಮೇಲೆ ಸಿಹಿತಿಂಡಿಗಳ ರಾಜ್ಯ. ಕಥಾನಾಯಕಿಯ ಪಾತ್ರಕ್ಕೇ ಶಾಲೆಯ ಹುಡುಗಿಯೊಬ್ಬಳನ್ನು ಹಾಕಿದ್ದರು. ರಂಗದ ತುಂಬ ಮಕ್ಕಳೇ, ಬ್ಯಾಲೆರಿನಾ ಎರಡನೇ ಅಂಕದವರೆಗೆ ಕುಣಿಯುವುದೇ ಇಲ್ಲ ಎಂದು ಅಂದಿನ ವಿಮರ್ಶಕರು ಸಿಡಿಮಿಡಿಗೊಂಡರು. ಇವತ್ತು ಜನ ಅದನ್ನು ನೋಡಲು ಬರುವುದೇ ಮಕ್ಕಳಿಗಾಗಿ! ವಾಸಿಲಿ ವೈನೊನೆನ್ 1934ರಲ್ಲಿ ಹೊಸದಾಗಿ ಕಟ್ಟಿದ ರೂಪವನ್ನು ಅಕಾಡೆಮಿಯ ವಿದ್ಯಾರ್ಥಿಗಳು ಈಗಲೂ ಆಡುತ್ತಾರೆ. ಇದರಲ್ಲಿ ಹುಡುಗಿಯ ಹೆಸರು ಮಾಷಾ.

ಇಂಥ ಆಟಕ್ಕೆ ತಾಲೀಮು ಎಂದರೆ ಬಹುಪಾಲು ಕಾಯುವ ಕೆಲಸ. ಹಬ್ಬದ ದೃಶ್ಯದಲ್ಲಿ ಮಗುವೊಂದು ನಿಜವಾಗಿ ಕುಣಿಯುವುದು ಕೆಲವೇ ನಿಮಿಷ. ಉಳಿದಷ್ಟು ಹೊತ್ತು ಕ್ರಿಸ್‌ಮಸ್ ಮರವನ್ನು ಹೊಸದಾಗಿ ಕಂಡವರ ಹಾಗೆ ನೋಡಬೇಕು, ಬೊಂಬೆಗೆ ಹಟ ಮಾಡಬೇಕು, ಅಜ್ಜನ ಕುಣಿತಕ್ಕೆ ನಗಬೇಕು. ಐವತ್ತನೇ ಸಲವೂ ಹೊಸದಾಗಿ ನೋಡುವುದು ದೊಡ್ಡ ನಟರಿಗೇ ಕಷ್ಟ. ನನ್ನನ್ನು ಕೇಳಿದರೆ ಕಾಲೆತ್ತುವುದಕ್ಕಿಂತ ಇದು ಕಷ್ಟದ ವಿದ್ಯೆ. ಸಾಲಾಗಿ ನಡೆಯುವಾಗ ಮುಂದಿನವರ ಬೆನ್ನಿಗೂ ತನ್ನ ಎದೆಗೂ ಅಂತರ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಒಬ್ಬ ಸೈನಿಕ ಒಂದು ಹೆಜ್ಜೆ ತಪ್ಪಿದರೆ ಇಡೀ ಸಾಲು ಸೊಟ್ಟ.

ಇನ್ನೊಂದು ತೊಡಕು ಕನ್ನಡಿ. ಕಲಿಯುವಾಗ ಎದುರಿಗೆ ಗೋಡೆಯಗಲದ ಕನ್ನಡಿ ಇರುತ್ತದೆ. ಕೈ ಎಲ್ಲಿದೆ ಎಂದು ಕಣ್ಣು ಹೇಳುತ್ತದೆ. ರಂಗದಲ್ಲಿ ಕನ್ನಡಿಯ ಜಾಗದಲ್ಲಿ ಕತ್ತಲು. ಹಾಗಾಗಿ ಪ್ರದರ್ಶನ ಹತ್ತಿರವಾದಂತೆ ಮಕ್ಕಳನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸುತ್ತಾರೆ. ಅದುವರೆಗೆ ಸಲೀಸಾಗಿ ಕುಣಿದ ಹುಡುಗಿ ತಟ್ಟನೆ ಎಡ ಬಲ ಮರೆತು ನಿಲ್ಲುವುದುಂಟು. ಮೇಲಾಗಿ ಮಾರಿನ್‌ಸ್ಕಿಯ ಹಳೆಯ ರಂಗ ಸಮತಟ್ಟಲ್ಲ, ಪ್ರೇಕ್ಷಕರ ಕಡೆಗೆ ಇಳಿಜಾರು. ಅಲ್ಲಿ ಒಂಟಿಕಾಲಿನಲ್ಲಿ ನಿಂತರೆ ಮೈಭಾರ ತಾನಾಗಿ ಮುಂದಕ್ಕೆ ಎಳೆಯುತ್ತದೆ. ಅದಕ್ಕೆಂದೇ ಅಕಾಡೆಮಿಯ ದೊಡ್ಡ ತಾಲೀಮು ಹಾಲಿನ ನೆಲವನ್ನೂ ಇಳಿಜಾರಾಗಿಯೇ ಮಾಡಿದ್ದಾರೆ. ಕೊನೆಗೆ ವಾದ್ಯವೃಂದ. ವಾರಗಟ್ಟಲೆ ಒಂದೇ ಪಿಯಾನೊ ಕೇಳಿ ಎಂಟೆಂಟರ ಎಣಿಕೆ ಹಾಕಿದ ಕಿವಿಗೆ ಒಮ್ಮೆಲೇ ಪಿಟೀಲು, ಕಹಳೆ, ನಗಾರಿ ಎಲ್ಲ ಬಂದು ಬಡಿದರೆ ಮೊದಲ ದಿನ ಎಣಿಕೆ ತಪ್ಪದ ಮಗು ಅಪರೂಪ.

ವೇಷಗಳು ಒಬ್ಬರಿಂದೊಬ್ಬರಿಗೆ ದಾಟುತ್ತ ಬಂದವು. ಹಿಂದಿನ ವರ್ಷ ಸೈನಿಕನಾಗಿದ್ದವನು ಈ ವರ್ಷ ನಾಲ್ಕು ಬೆರಳು ಬೆಳೆದುಬಿಟ್ಟರೆ ಕೋಟು ಹಿಡಿಸುವುದಿಲ್ಲ, ಪಾತ್ರವೂ ಹೋಯಿತು. ಕೆಟ್ಟದಾಗಿ ಕುಣಿದದ್ದಕ್ಕಲ್ಲ, ಎತ್ತರವಾದದ್ದಕ್ಕೆ ಪಾತ್ರ ಕಳೆದುಕೊಳ್ಳುವ ಕಲೆ ಇದು.

ದೊಡ್ಡ ತರಗತಿಯ ಹುಡುಗಿಯರಿಗೆ ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಪಾಯಿಂಟ್ ಶೂಗಳ ಪಾಡು ಬೇರೆ. ತುದಿಯಲ್ಲಿ ಮರ ಇಟ್ಟಿರುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಮರ ಇಲ್ಲ, ಬಟ್ಟೆ, ಕಾಗದಗಳ ಪದರಗಳನ್ನು ಅಂಟಿನಿಂದ ಗಟ್ಟಿ ಮಾಡಿ ಮೇಲೆ ಸ್ಯಾಟಿನ್ ಹೊದಿಸಿರುತ್ತಾರೆ, ಅಷ್ಟೆ. ಅಂಗಡಿಯಿಂದ ತಂದದ್ದನ್ನು ಹಾಗೇ ಹಾಕಿಕೊಳ್ಳಲಾಗದು. ಅಟ್ಟೆಯನ್ನು ತನ್ನ ಪಾದ ಬಾಗುವ ಕಡೆಗೇ ಬಾಗಿಸಿ ಪಳಗಿಸಬೇಕು. ಟಕಟಕ ಸದ್ದು ಬಾರದಂತೆ ತುದಿಯನ್ನು ಗಟ್ಟಿ ನೆಲಕ್ಕೆ ಕುಟ್ಟಬೇಕು. ರಿಬ್ಬನ್ನಿನ ಕೊನೆ ಬಿಚ್ಚಿಕೊಳ್ಳದಂತೆ ಕಡ್ಡಿ ಗೀರಿ ಸುಟ್ಟು, ಕಣಕಾಲಿನ ಅಳತೆ ನೋಡಿ ತಾನೇ ಹೊಲಿಯಬೇಕು. ಅಮ್ಮ ಹೊಲಿದುಕೊಟ್ಟರೆ ನಡೆಯುವುದಿಲ್ಲ, ಯಾಕೆಂದರೆ ಎಲ್ಲಿ ಒತ್ತುತ್ತದೆ ಎಂದು ಅಮ್ಮನಿಗೆ ಗೊತ್ತಿರುವುದಿಲ್ಲ. ರಂಗದ ಅಂಚಿನಲ್ಲಿ ರಾಳದ ಪುಡಿಯ ಪೆಟ್ಟಿಗೆ ಇರುತ್ತದೆ, ನಮ್ಮ ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ಬೆಂಕಿಗೆ ಎರಚುವ ಅದೇ ರಾಳ. ಅದರಲ್ಲಿ ಪಾದ ತಿಕ್ಕಿಕೊಂಡು ಒಳಗೆ ಹೋಗುತ್ತಾರೆ. ಇಷ್ಟೆಲ್ಲ ಮಾಡಿದ ಶೂ ಮುಖ್ಯ ನರ್ತಕಿಯಾದರೆ ಒಂದೇ ರಾತ್ರಿಗೆ ಮೆತ್ತಗಾಗಿ ಎಸೆಯುವಂತಾಗುತ್ತದೆ.

ರಂಗಕ್ಕೆ ಹತ್ತಿಸುವ ಮದ್ದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಒಬ್ಬ ಹುಡುಗನ ಕಥೆ ಸಾಕು. 1913ರಲ್ಲಿ ಒಂಬತ್ತು ವರ್ಷದ ಗಿಯೋರ್ಗಿ ಎಂಬವನು ಅಕ್ಕನ ಪ್ರವೇಶ ಪರೀಕ್ಷೆಗೆ ಜೊತೆಯಾಗಿ ಬಂದ. ಅಕ್ಕನನ್ನು ಬಿಟ್ಟರು, ಇವನನ್ನು ಆರಿಸಿಕೊಂಡರು. ಅವನಿಗೆ ಇದು ಬೇಕಿರಲಿಲ್ಲ. ಹಾಸ್ಟೆಲಿನಿಂದ ತಪ್ಪಿಸಿಕೊಂಡು ಓಡಿಹೋದ, ಮತ್ತೆ ತಂದು ಬಿಟ್ಟರು. ಪಾಠವೆಂದರೆ ಆಗದು. ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ ಪುಟ್ಟ ಮನ್ಮಥನ ವೇಷ ಹಾಕಿಸಿ ಮಾರಿನ್‌ಸ್ಕಿಯ ರಂಗಕ್ಕೆ ಬಿಟ್ಟದ್ದೇ ತಡ, ದೀಪ, ಸಂಗೀತ, ಯಂತ್ರಗಳಿಂದ ಬದಲಾಗುವ ಪರದೆಗಳನ್ನು ಕಂಡು ಹುಡುಗ ಸೋತುಹೋದ. ತಾಂದ್ಯು ಯಾಕೆ ಮಾಡಬೇಕು ಎಂಬುದಕ್ಕೆ ಉತ್ತರ ಅವನಿಗೆ ಸಿಕ್ಕಿದ್ದು ಅಲ್ಲಿ. ಮುಂದೆ ಜಾರ್ಜ್ ಬಾಲಂಶೀನ್ ಎಂದು ಹೆಸರಾದವರು ಇವರೇ. 1924ರಲ್ಲಿ ದೇಶ ಬಿಟ್ಟರು. 1934ರಲ್ಲಿ ನ್ಯೂಯಾರ್ಕಿನಲ್ಲಿ ಸ್ಕೂಲ್ ಆಫ್ ಅಮೆರಿಕನ್ ಬ್ಯಾಲೆ ತೆರೆದರು. 1954ರಲ್ಲಿ ತಮ್ಮ ‘ನಟ್‌ಕ್ರ್ಯಾಕರ್’ ಕಟ್ಟಿದಾಗ ಶಾಲೆಯ ಮಕ್ಕಳನ್ನೇ ರಂಗದ ತುಂಬ ತುಂಬಿದರು; ತಾವು ಪೀಟರ್ಸ್‌ಬರ್ಗಿನಲ್ಲಿ ಬಳೆಯಂಥ ದೊಡ್ಡ ಚಕ್ರ ಹಿಡಿದು ಜಿಗಿದ ಕುಣಿತವನ್ನು ಅದರೊಳಗೆ ಹಾಗೇ ಇಟ್ಟರು. ಈಗ ಅಲ್ಲಿ ಪ್ರತಿ ವರ್ಷ ನೂರಕ್ಕೂ ಹೆಚ್ಚು ಮಕ್ಕಳು ಎರಡು ತಂಡಗಳಾಗಿ ಪಾಳಿಯಲ್ಲಿ ಕುಣಿಯುತ್ತಾರೆ. ಅಮೆರಿಕದ ಸಣ್ಣ ಪುಟ್ಟ ಊರಿನ ಬ್ಯಾಲೆ ಶಾಲೆಗಳೂ ಡಿಸೆಂಬರ್‌ನಲ್ಲಿ ‘ನಟ್‌ಕ್ರ್ಯಾಕರ್’ ಆಡುತ್ತವೆ. ಅಲ್ಲಿರುವ ನಮ್ಮವರ ಮಕ್ಕಳು ಶನಿವಾರ ಭರತನಾಟ್ಯ, ಭಾನುವಾರ ಇಲಿಯ ವೇಷದ ತಾಲೀಮು ಎಂದು ಓಡಾಡುವುದುಂಟು.

ಇಷ್ಟು ಹೇಳಿ, ಇದರ ಬೆಲೆ ಹೇಳದಿದ್ದರೆ ತಪ್ಪಾದೀತು. ಎಂಟು ವರ್ಷವೂ ಪರೀಕ್ಷೆಗಳ ಜರಡಿ; ಸೇರಿದವರೆಲ್ಲ ಕೊನೆಯ ಪದವಿ ಪ್ರದರ್ಶನ ಮುಟ್ಟುವುದಿಲ್ಲ. ಹದಿಮೂರು ಹದಿನಾಲ್ಕಕ್ಕೆ ಮೈ ಬದಲಾಗುವ ಹೊತ್ತಿನಲ್ಲಿ ತೂಕದ ಮಾತು ಮಕ್ಕಳ ಊಟವನ್ನೇ ಕೆಡಿಸುತ್ತದೆ. ವಿಯೆನ್ನಾದ ಸ್ಟೇಟ್ ಒಪೆರಾದ ಬ್ಯಾಲೆ ಅಕಾಡೆಮಿಯ ಬಗ್ಗೆ 2019ರಲ್ಲಿ ವಿಚಾರಣೆ ನಡೆಸಿದ ಆಯೋಗ, ಅಲ್ಲಿ ಮಕ್ಕಳ ಆರೋಗ್ಯದ ರಕ್ಷಣೆ ಸಾಲದು ಎಂದು ವರದಿ ಕೊಟ್ಟಿತು. ತೂಕ ಇಳಿಸಲು ಸಿಗರೇಟು ಸೇದಲು ಹೇಳುತ್ತಿದ್ದ ಸಂಗತಿಯೂ ಅದರಲ್ಲಿತ್ತು. ಶಿಸ್ತಿಗೂ ಹಿಂಸೆಗೂ ನಡುವಿನ ಗೆರೆ ಮಕ್ಕಳಿಗೆ ಕಾಣುವುದಿಲ್ಲ, ದೊಡ್ಡವರಿಗೆ ಕಾಣಬೇಕು. ಹೆಸರಾಂತ ಶಾಲೆಗಳಲ್ಲೂ ಅದು ಕಾಣದೆ ಹೋದದ್ದಿದೆ.

ಈ ಬೀದಿಯ ಶಾಲೆಗೂ ನಮಗೂ ನಂಟು ಇಲ್ಲದಿಲ್ಲ. 1923ರಲ್ಲಿ ಲಂಡನ್ನಿನಲ್ಲಿ ಉದಯ ಶಂಕರ್ ಅವರನ್ನು ಕೃಷ್ಣನನ್ನಾಗಿಸಿ ತಾವು ರಾಧೆಯಾಗಿ ಕುಣಿದದ್ದು ಪಾವ್ಲೊವಾ. ಅವರನ್ನು ಕಂಡೇ ರುಕ್ಮಿಣಿ ದೇವಿ ಅರುಂಡೇಲ್ ಬ್ಯಾಲೆ ಕಲಿಯಲು ಹೊರಟರು. ನಿನ್ನ ನೆಲದ ನೃತ್ಯ ಹುಡುಕು ಎಂದು ಅವರನ್ನು ಭರತನಾಟ್ಯದ ಕಡೆ ತಿರುಗಿಸಿದ್ದೂ ಪಾವ್ಲೊವಾ ಅವರೇ. ಬೆಂಗಳೂರಿನಲ್ಲಿ ಹುಟ್ಟಿದ ನರ್ತಕ ರಾಮ್ ಗೋಪಾಲ್ 1960ರಲ್ಲಿ ಬ್ಯಾಲೆರಿನಾ ಅಲಿಸಿಯಾ ಮಾರ್ಕೊವಾ ಜೊತೆ ‘ರಾಧಾ-ಕೃಷ್ಣ’ ಮಾಡಿದರು. ಈಗ ಬೆಂಗಳೂರಿನಲ್ಲೇ ಬ್ಯಾಲೆ ತರಗತಿಗಳಿವೆ.

ಮಗಳನ್ನೋ ಮಗನನ್ನೋ ಇಂಥ ತರಗತಿಗೆ ಸೇರಿಸುವ ಯೋಚನೆ ಇದ್ದವರು ಫೀಸು ಕೇಳುವ ಮೊದಲು ನೆಲ ನೋಡಿ. ಸಿಮೆಂಟಿನ ಮೇಲೆ ನೇರವಾಗಿ ಟೈಲ್ಸ್ ಹಾಕಿದ್ದರೆ ಜಿಗಿತದ ಪೆಟ್ಟೆಲ್ಲ ಮಂಡಿಗೆ. ಪುಟಿಯುವ ಮರದ ನೆಲ ಬೇಕು. ತರಗತಿಯಲ್ಲಿ ಎಲ್ಲರೆದುರು ಮಕ್ಕಳ ತೂಕದ ಮಾತಾಡುತ್ತಾರೆಯೇ ಎಂದು ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಪಾಯಿಂಟ್ ಶೂ ಯಾವಾಗ ಎಂದು ಗುರುಗಳನ್ನು ವಿಚಾರಿಸಿ. ವರ್ಷಗಟ್ಟಲೆ ಅಭ್ಯಾಸವಾಗಿ ಪಾದ, ಕಣಕಾಲು ಬಲಿತ ಮೇಲೆ, ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ಸುಮಾರಿಗೆ ಎಂಬ ಉತ್ತರ ಬಂದರೆ ಸೇರಿಸಿ. ಏಳು ವರ್ಷದ ಮಗುವಿಗೆ ಈ ವಾರ್ಷಿಕೋತ್ಸವಕ್ಕೇ ಹಾಕಿಸುತ್ತೇವೆ ಎಂದರೆ ಎದ್ದು ಬನ್ನಿ.