ಕೀಚಕನ ಬಲ

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಬಲ್ಲಿದನಾದವನು ಬಡವನನ್ನು ಪೀಡಿಸುವ ರೀತಿಯನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ. ಬಗ್ಗಿದರೆ ಬಿಟ್ಟಾನು ಎಂದು ಬಗ್ಗುವವನು ಭಾವಿಸುತ್ತಾನೆ. ಬಗ್ಗಿದ್ದನ್ನು ಕಂಡೇ ಗುದ್ದುವವನಿಗೆ ಹುರುಪು ಏರುತ್ತದೆ. ಆದರೆ ಈ ಗಾದೆಯಲ್ಲಿ ಇರುವವರು ಇಬ್ಬರೇ. ಬಾಳಿನಲ್ಲಿ ಮೂರನೆಯವರೂ ಇರುತ್ತಾರೆ: ಸುತ್ತ ನಿಂತು ನೋಡುವವರು. ದರ್ಪದ ಗುಟ್ಟು ಬಹುಮಟ್ಟಿಗೆ ಇವರಲ್ಲಿ ಅಡಗಿದೆ. ಅದು ಹೇಗೆ ಎಂಬುದನ್ನು ಈ ಹೊತ್ತು ಸ್ವಲ್ಪ ಪರಿಶೀಲಿಸೋಣ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎಲ್ಲ ಜಗಳವೂ ಪೀಡನೆಯಲ್ಲ. ಸಮಬಲರಾದ ಇಬ್ಬರು ಹುಡುಗರು ಬಯಲಿನಲ್ಲಿ ಹೊಡೆದಾಡಿಕೊಂಡರೆ ಅದು ಜಗಳ. ಮರುದಿನ ಇಬ್ಬರೂ ಕೂಡಿ ಆಡುತ್ತಾರೆ. ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬೆರ್ಗೆನ್ ನಗರದಲ್ಲಿ ಕೆಲಸ ಮಾಡಿದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ೧೯೭೦ರ ದಶಕದಿಂದ ಶಾಲಾಮಕ್ಕಳ ನಡುವಣ ಪೀಡನೆಯನ್ನು ಅಧ್ಯಯನ ಮಾಡಿ ಅದಕ್ಕೆ ಮೂರು ಲಕ್ಷಣಗಳನ್ನು ಹೇಳಿದರು. ಅದು ಬೇಕೆಂದೇ ಮಾಡುವ ನೋವು; ಮತ್ತೆ ಮತ್ತೆ ಮಾಡುವಂಥದು; ಎದುರು ನಿಲ್ಲಲಾರದವನ ಮೇಲೆ ಮಾಡುವಂಥದು. ಈ ಮೂರೂ ಕೂಡಿದಲ್ಲಿ ಶಾಲೆಯ ಮಕ್ಕಳೇ ಇರಲಿ, ಕಚೇರಿಯ ಮೇಲಧಿಕಾರಿಯೇ ಇರಲಿ, ಊರಿನ ಗೌಡನೇ ಇರಲಿ, ನಡೆಯುತ್ತಿರುವುದು ಒಂದೇ.

ಹಾಗಾದರೆ ಪೀಡಿಸುವವನನ್ನು ನಡೆಸುವುದು ಯಾವುದು? ಅವನು ಒಳಗೊಳಗೇ ಅಂಜುಬುರುಕ, ತನ್ನ ಕೀಳರಿಮೆಯನ್ನು ಮುಚ್ಚಿಕೊಳ್ಳಲು ಅಬ್ಬರಿಸುತ್ತಾನೆ ಎಂಬುದು ಜನಜನಿತವಾದ ನಂಬಿಕೆ. ಕೇಳುವುದಕ್ಕೂ ಹಿತವಾಗಿದೆ. ಆದರೆ ಓಲ್ವೇಯಸ್ ಅವರ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಅವರು ಕಂಡ ಪುಂಡ ಹುಡುಗರಲ್ಲಿ ಅಳುಕು ಇತರರಿಗಿಂತ ಹೆಚ್ಚಾಗಿರಲಿಲ್ಲ. ತಮ್ಮ ವಿಷಯದಲ್ಲಿ ಅವರಿಗೆ ಕೀಳುಭಾವನೆಯೂ ಇರಲಿಲ್ಲ. ಇದ್ದದ್ದು ಇತರರನ್ನು ತಮ್ಮ ಅಂಕೆಯಲ್ಲಿಟ್ಟುಕೊಳ್ಳುವ ಆಸೆ. ಅದನ್ನು ಬೆಳೆಸುವ ಮನೆಯ ವಾತಾವರಣವನ್ನೂ ಅವರು ಗುರುತಿಸಿದರು: ಅಕ್ಕರೆ ಕಡಮೆ, ಹೊಡೆತ ಹೆಚ್ಚು, ಮಗು ಇನ್ನೊಬ್ಬರ ಮೇಲೆ ಕೈಮಾಡಿದಾಗ ಮಾತ್ರ ಕಂಡೂ ಕಾಣದಂತಿರುವುದು. ಬಲವೊಂದೇ ಮಾತನಾಡುವ ಮನೆಯಲ್ಲಿ ಮಗು ಕಲಿಯುವುದು ಬಲದ ಭಾಷೆಯನ್ನೇ.

ಇದರೊಡನೆ ಇನ್ನೊಂದು ಹಸಿವಿದೆ, ಅದು ಮನ್ನಣೆಯ ಹಸಿವು. ಯಾರೂ ಇಲ್ಲದ ಕಡೆ ಗೇಲಿಮಾಡಿದರೆ ನಗುವವರಿಲ್ಲ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು ೧೯೯೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತರಗತಿಯೊಂದರ ಮಕ್ಕಳು ಈ ನಾಟಕದಲ್ಲಿ ವಹಿಸುವ ಪಾತ್ರಗಳನ್ನು ಬೇರೆ ಬೇರೆಯಾಗಿ ಹೆಸರಿಸಿದರು. ಪೀಡಿಸುವವನಿಗೆ ಕೈಜೋಡಿಸುವವರು ಕೆಲವರು. ನಕ್ಕು ಹುರಿದುಂಬಿಸುವವರು ಕೆಲವರು. ತಮಗೆ ಸಂಬಂಧವಿಲ್ಲವೆಂದು ಸರಿದು ನಿಲ್ಲುವವರು ಕೆಲವರು. ನೊಂದವನ ಪಕ್ಕಕ್ಕೆ ಬರುವವರು ಕೆಲವರು. ಕೊನೆಯವರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲರೂ, ತಿಳಿದೋ ತಿಳಿಯದೆಯೋ, ಪುಂಡನ ಬಲಕ್ಕೆ ತಮ್ಮ ಪಾಲನ್ನು ಸೇರಿಸುತ್ತಾರೆ.

ಈ ಸತ್ಯ ನಮ್ಮ ಕವಿಗಳಿಗೆ ಹೊಸದಲ್ಲ. ವಿರಾಟನ ಆಸ್ಥಾನವನ್ನು ನೆನೆಯಿರಿ. ಸೈರಂಧ್ರಿಯಾಗಿ ವೇಷ ಮರೆಸಿಕೊಂಡಿದ್ದ ದ್ರೌಪದಿಯನ್ನು ಕೀಚಕ ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ರಾಜ ನೋಡುತ್ತಾನೆ, ಸುಮ್ಮನಿರುತ್ತಾನೆ. ಕೀಚಕ ರಾಣಿಯ ತಮ್ಮ, ಸೇನೆಯ ನಾಯಕ. ಅವನಿಲ್ಲದೆ ರಾಜ್ಯ ನಿಲ್ಲದು ಎಂಬ ಲೆಕ್ಕಾಚಾರ ರಾಜನ ಬಾಯಿಗೆ ಬೀಗ ಹಾಕಿದೆ. ಕೀಚಕನ ತೋಳಿನಲ್ಲಿ ಬಲವಿತ್ತು, ನಿಜ. ಆದರೆ ಆ ಸಭೆಯಲ್ಲಿ ಅವನ ಕಾಲನ್ನು ಎತ್ತಿಸಿದ ಬಲ ತೋಳಿನದಲ್ಲ, ರಾಜನ ಮೌನದ್ದು.

ಆಮೇಲೆ ಭೀಮನಿಂದ ಕೀಚಕನ ವಧೆಯಾಯಿತು. ಕುಮಾರವ್ಯಾಸ ಇದನ್ನು ಹಾಡಿರುವ ಸೊಗಸನ್ನು ಗಮಕಿಗಳ ಬಾಯಲ್ಲಿ ಕೇಳಿ ನಾವೆಲ್ಲ ಮೈಯುಬ್ಬಿದ್ದೇವೆ. ಪುಂಡನಿಗೆ ತಿರುಗಿ ಹೊಡೆಯಬೇಕು ಎನ್ನುವವರು ಈ ಕಥೆಯನ್ನೇ ಮುಂದುಮಾಡುವುದುಂಟು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೆಳಗಾಗುತ್ತಲೇ ಕೀಚಕನ ತಮ್ಮಂದಿರು, ಆ ಉಪಕೀಚಕರು, ಸೈರಂಧ್ರಿಯನ್ನು ಅಣ್ಣನ ಹೆಣದ ಜೊತೆಗೇ ಸುಡಲು ಹೊತ್ತೊಯ್ದರು. ಆಗಲೂ ಆ ರಾಜನಿಂದ ಅಡ್ಡಿ ಬರಲಿಲ್ಲ. ಕತ್ತಲಲ್ಲಿ ಒಬ್ಬ ಕೀಚಕ ಸತ್ತರೂ ಸಭೆ ಬದಲಾಗಿರಲಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಭೀಮನಿರುವುದಿಲ್ಲ. ಇದ್ದರೂ ಸಭೆ ಬದಲಾಗದೆ ಉಪಕೀಚಕರಿಗೆ ಕೊನೆಯಿಲ್ಲ.

ಸಭೆ ಬದಲಾಗುವುದು ಹೇಗೆ? ಇದಕ್ಕೆ ಕನ್ನಡನಾಡಿನ ಇತ್ತೀಚಿನ ಚರಿತ್ರೆಯಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡು ಒಂದು ಸಣ್ಣ ಹಳ್ಳಿ. ಅಲ್ಲಿ ಗದ್ದೆಯ ಒಡೆತನ ಕೆಲವರದು. ಉಳುವ ಗೇಣಿದಾರರಲ್ಲಿ ಬಹುಪಾಲು ದೀವರು. ಗೇಣಿಯ ಬತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಒಡೆಯರು ಅಳೆದುಕೊಳ್ಳುವ ಕೊಳಗ ಸಲ್ಲಬೇಕಾದ ಅಳತೆಗಿಂತ ದೊಡ್ಡದು ಎಂಬುದು ಗೇಣಿದಾರರ ದೂರು. ಒಂದು ಕೊಳಗದಲ್ಲಿ ವ್ಯತ್ಯಾಸ ಕೆಲವು ಹಿಡಿಯಷ್ಟಿರಬಹುದು. ಆದರೆ ಪ್ರತಿಯೊಂದು ಸುಗ್ಗಿಯಲ್ಲಿ, ಪ್ರತಿಯೊಂದು ಕೊಳಗದಲ್ಲಿ, ಕಣ್ಣೆದುರಿಗೇ ಆಗುವ ಅನ್ಯಾಯವನ್ನು ಬಾಯಿಮುಚ್ಚಿಕೊಂಡು ನೋಡಬೇಕೆಂಬುದು ಬತ್ತದ ನಷ್ಟಕ್ಕಿಂತ ದೊಡ್ಡ ಅವಮಾನ. ಬೇಕೆಂದೇ, ಮತ್ತೆ ಮತ್ತೆ, ಎದುರಾಡಲಾರದವನ ಮೇಲೆ: ಆಗ ಹೇಳಿದ ಮೂರು ಲಕ್ಷಣಗಳೂ ಆ ಕೊಳಗದೊಳಗಿದ್ದವು.

ಎದುರಾಡಲಾರದವನು ಎಂದೆನಲ್ಲ, ಅದೇಕೆ? ಒಬ್ಬನೇ ಗೇಣಿದಾರ ಕೊಳಗ ಸರಿಯಿಲ್ಲವೆಂದರೆ ಅವನ ಗದ್ದೆ ಇನ್ನೊಬ್ಬನ ಪಾಲಾಗುತ್ತದೆ. ಆ ಇನ್ನೊಬ್ಬನೂ ಇವನಂತೆಯೇ ಬಡವ. ಒಡೆಯನ ಬಲವೆಂಬುದು ಗೇಣಿದಾರರು ಬಿಡಿಬಿಡಿಯಾಗಿರುವುದರಲ್ಲಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘವಾಗಿ ಕಟ್ಟಿದಾಗ ಕೊಳಗದ ಪ್ರಶ್ನೆ ಒಬ್ಬನದಾಗಿ ಉಳಿಯಲಿಲ್ಲ. ೧೯೫೧ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ರೈತರು ತಂಡತಂಡವಾಗಿ ಗದ್ದೆಗಿಳಿದು ಉತ್ತು ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದರು. ಯಾವ ಅನ್ಯಾಯಕ್ಕೆ ಅಲ್ಲಿಯವರೆಗೆ ಒಂದು ಹಳ್ಳಿಯ ಕಣವಷ್ಟೇ ಸಾಕ್ಷಿಯಾಗಿತ್ತೋ ಅದಕ್ಕೆ ಈಗ ದೇಶವೇ ಸಾಕ್ಷಿಯಾಯಿತು.

ಕೂಡಲೆ ಗೆಲುವು ಬಂದಿತೆಂದಲ್ಲ. ಗದ್ದೆ ಅಂದೇ ಉಳುವವನದಾಗಲಿಲ್ಲ. ಆದರೆ ಹೋರಾಟದ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು ೧೯೫೨ರ ಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಹೋದರು. ನಮ್ಮ ಮೈಸೂರು ಜಿಲ್ಲೆಯವರೇ ಆದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ೧೯೭೪ರಲ್ಲಿ, ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರ ಒಡೆಯನಾದ. ಆ ಕಾಗೋಡಿನ ತಿಮ್ಮಪ್ಪನವರು ಮುಂದೆ ವಿಧಾನಸಭೆಯ ಅಧ್ಯಕ್ಷರಾಗಿ, ೨೦೧೬ರಲ್ಲಿ ರಾಜ್ಯದ ಕಂದಾಯ ಮಂತ್ರಿಗಳಾದರು.

ಇಂಥ ದೊಡ್ಡ ಹೋರಾಟದಿಂದ ನಮ್ಮ ಓಣಿಯ ಮಾತಿಗೆ ಬರೋಣ. ನಾನು ವಾಸಿಸುವ ಜಯಲಕ್ಷ್ಮಿಪುರಂ ವಿದ್ಯಾರ್ಥಿಗಳ ಬಡಾವಣೆ. ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಮಾನಸಗಂಗೋತ್ರಿ, ಪಕ್ಕದಲ್ಲೇ ಬಾಡಿಗೆಯ ಕೋಣೆಗಳಿಂದ ತುಂಬಿದ ಪಡುವಾರಹಳ್ಳಿ. ೧೯೭೮ರಲ್ಲಿ ಪುಟ್ಟಣ್ಣ ಕಣಗಾಲರು ‘ಪಡುವಾರಳ್ಳಿ ಪಾಂಡವರು’ ಎಂಬ ಚಿತ್ರದಲ್ಲಿ ಊರ ದಬ್ಬಾಳಿಕೆಗೆ ಎದುರು ನಿಂತ ಐವರು ಯುವಕರನ್ನು ತೋರಿಸಿದ್ದು ಹಲವರಿಗೆ ನೆನಪಿರಬಹುದು. ಪ್ರತಿವರ್ಷ ಟ್ರಂಕು ಹಾಸಿಗೆ ಹೊತ್ತು ಹೊಸ ಹುಡುಗ ಹುಡುಗಿಯರು ದೂರದೂರುಗಳಿಂದ ಈ ಬಡಾವಣೆಗೆ ಬಂದಿಳಿಯುತ್ತಾರೆ. ಯಾವ ಊರಿನ ಹಾಸ್ಟೆಲಿನಲ್ಲೇ ಆಗಲಿ ಪೀಡಿಸುವವನ ಕಣ್ಣಿಗೆ ಮೊದಲು ಬೀಳುವವರು ಇಂಥವರೇ: ಗೆಳೆಯರಿಲ್ಲದವರು, ಮಾತಿನ ಧಾಟಿ ಬೇರೆಯಾದವರು, ಕೈಯಲ್ಲಿ ಕಾಸಿಲ್ಲದವರು. ಮೊದಲು ಒಂದು ಅಡ್ಡಹೆಸರಿಟ್ಟು ನೋಡುತ್ತಾನೆ. ಸುತ್ತಲಿನವರು ನಕ್ಕರೆ ಮುಂದಿನ ಹೆಜ್ಜೆ ಇಡುತ್ತಾನೆ.

ಹಿರಿಯ ವಿದ್ಯಾರ್ಥಿಗಳು ಇದಕ್ಕೆ ಸಂಪ್ರದಾಯವೆಂಬ ಮುಸುಕು ಹಾಕುತ್ತಾರೆ. ‘ನಾವೂ ಅನುಭವಿಸಿದೆವು, ನೀವೂ ಅನುಭವಿಸಿ’ ಎಂಬುದು ಅವರ ನ್ಯಾಯ; ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯ ವಿದ್ಯಾವಂತ ರೂಪ. ೧೯೮೩ರ ಕರ್ನಾಟಕ ಶಿಕ್ಷಣ ಕಾಯಿದೆ ರ‍್ಯಾಗಿಂಗನ್ನು ಅಪರಾಧವೆಂದು ಪರಿಗಣಿಸಿತು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ರಾಘವನ್ ಸಮಿತಿ ೨೦೦೭ರಲ್ಲಿ ವರದಿ ಕೊಟ್ಟಿತು. ೨೦೦೯ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ ವಿದ್ಯಾರ್ಥಿ ಬರೆದುಕೊಡುವ ಪ್ರಮಾಣಪತ್ರದಲ್ಲಿ ಒಂದು ಮಾತು ಗಮನಾರ್ಹ. ಏನನ್ನಾದರೂ ಮಾಡಿ ಮಾತ್ರವಲ್ಲ, ಮಾಡಬೇಕಾದದ್ದನ್ನು ಮಾಡದೆ ಇದ್ದೂ ಇದಕ್ಕೆ ನೆರವಾಗುವುದಿಲ್ಲ ಎಂದು ಅವನು ಒಪ್ಪಿಕೊಳ್ಳಬೇಕು. ವಿರಾಟನ ಮೌನವನ್ನು ನಮ್ಮ ಕಾನೂನು ಕೊನೆಗೂ ಗುರುತಿಸಿತು ಎನ್ನಬಹುದು. ದೂರು ಹೇಳಲು ೧೮೦೦-೧೮೦-೫೫೨೨ ಎಂಬ ಉಚಿತ ದೂರವಾಣಿಯೂ ಇದೆ.

ಆದರೆ ದೂರವಾಣಿ ಎತ್ತುವ ಮೊದಲಿನ ಗಳಿಗೆಯೊಂದಿದೆ. ಅದರ ಬಗ್ಗೆ ಕೆನಡದ ಸಂಶೋಧಕರು ಕುತೂಹಲಕರವಾದ ಸಂಗತಿಯನ್ನು ಕಂಡುಕೊಂಡರು. ಶಾಲೆಯ ಆಟದ ಬಯಲಿನಲ್ಲಿ ನಡೆದ ಪೀಡನೆಯ ಪ್ರಸಂಗಗಳನ್ನು ಅವರು ಚಿತ್ರೀಕರಿಸಿ ನೋಡಿದರು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಬೇರೆ ಮಕ್ಕಳು ಅಲ್ಲಿದ್ದರು. ೨೦೦೧ರಲ್ಲಿ ಪ್ರಕಟವಾದ ವರದಿಯಂತೆ, ನೋಡುತ್ತಿದ್ದ ಮಕ್ಕಳು ಅಡ್ಡಬಂದದ್ದು ಶೇಕಡ ೧೯ರಷ್ಟು ಸಲ ಮಾತ್ರ. ಆದರೆ ಹಾಗೆ ಅಡ್ಡಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಎಂದರೆ ಶೇಕಡ ೫೭ರಷ್ಟು, ಹತ್ತು ಸೆಕೆಂಡುಗಳೊಳಗೆ ಪೀಡನೆ ನಿಂತುಹೋಯಿತು. ಅಡ್ಡಬಂದವರು ಭೀಮಸೇನರಲ್ಲ, ಅದೇ ಶಾಲೆಯ ಮಕ್ಕಳು.

ನನ್ನ ಅಧ್ಯಾಪನ ಕಾಲದಲ್ಲಿ ಕಂಡದ್ದೂ ಇದೇ. ಒಂದು ಕಾಲೇಜಿನಲ್ಲಿ ಹಳ್ಳಿಯಿಂದ ಬಂದ ಹುಡುಗನೊಬ್ಬ ಹಕಾರವನ್ನು ಅಕಾರವಾಗಿ ಉಚ್ಚರಿಸುತ್ತಾನೆಂದು ಹಿಂದಿನ ಬೆಂಚಿನವರು ದಿನವೂ ಅಣಕಿಸುತ್ತಿದ್ದರು. ಅವನು ಪದ್ಯ ಓದುವುದನ್ನೇ ಬಿಟ್ಟ. ಒಂದು ದಿನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ ಹುಡುಗಿ ಎದ್ದುನಿಂತು, ‘ಇವರು ಓದಲಿ ಸಾರ್, ನನಗೆ ಕೇಳಬೇಕು’ ಎಂದಳು. ಅಷ್ಟೇ. ಹಿಂದಿನ ಬೆಂಚಿನಲ್ಲಿ ನಗು ಹುಟ್ಟಲಿಲ್ಲ. ಗದರಿಕೆಗೆ ಬಗ್ಗದಿದ್ದವರು ಆ ಒಂದು ವಾಕ್ಯಕ್ಕೆ ತಣ್ಣಗಾದರು. ಏಕೆಂದರೆ ಅವರ ಸಭೆ ಅವರ ಕೈಬಿಟ್ಟಿತ್ತು.

ಆದ್ದರಿಂದ ಪೀಡೆಗೆ ಸಿಕ್ಕಿದವನಿಗೆ ‘ಧೈರ್ಯವಾಗಿರು’ ಎಂದಷ್ಟೇ ಉಪದೇಶಿಸುವುದು ಸಾಲದು. ಆ ಮಾತು ಅವನನ್ನು ಮತ್ತಷ್ಟು ಒಂಟಿಯಾಗಿಸುತ್ತದೆ. ಅವನು ಮಾಡಬೇಕಾದದ್ದು ಒಂಟಿತನವನ್ನು ಮುರಿಯುವುದು: ನಂಬಿಕೆಯ ಒಬ್ಬರಿಗೆ ಹೇಳುವುದು, ನಡೆದದ್ದನ್ನು ದಿನಾಂಕ ಸಹಿತ ಬರೆದಿಡುವುದು, ಗೆಳೆಯನೊಬ್ಬನನ್ನು ಜೊತೆಗಿಟ್ಟುಕೊಳ್ಳುವುದು. ತಂದೆತಾಯಿಗಳೂ ಅಧ್ಯಾಪಕರೂ ಮಾಡಬೇಕಾದದ್ದು ಮೊದಲ ದೂರನ್ನೇ ನಂಬಿ ಕಿವಿಗೊಡುವುದು. ನಾರ್ವೆಯಲ್ಲಿ ೧೯೮೩ರಲ್ಲಿ ದೇಶವ್ಯಾಪಿ ಅಭಿಯಾನ ನಡೆದಾಗ ಬೆರ್ಗೆನ್ನಿನ ೪೨ ಶಾಲೆಗಳಲ್ಲಿ ಪೀಡನೆ ಸುಮಾರು ಅರ್ಧಕ್ಕೆ ಇಳಿಯಿತು. ಅಲ್ಲಿ ಹಿರಿಯರು ಎಚ್ಚರದಿಂದ ಕಾವಲಿದ್ದರು, ತರಗತಿಗಳು ತಮ್ಮ ನಿಯಮಗಳನ್ನು ಸೇರಿ ಚರ್ಚಿಸಿದವು, ತಪ್ಪಿದವನೊಡನೆ ಗಂಭೀರವಾಗಿ ಮಾತನಾಡಿದರು. ಪೀಡಿಸುವವನೂ ಕೈಬಿಡತಕ್ಕವನಲ್ಲ. ಮನ್ನಣೆಯನ್ನು ಬೇರೆ ದಾರಿಯಿಂದ ಗಳಿಸಲು ಅವನಿಗೂ ಕಲಿಸಬೇಕು.

ಉಳಿದ ಕೆಲಸ ನೋಡುವವರದು. ಕಣದಲ್ಲಿ ಕೊಳಗ ಅಳೆಯುವಾಗ, ಹಾಸ್ಟೆಲಿನ ಪಡಸಾಲೆಯಲ್ಲಿ ನಗು ಏಳುವಾಗ, ಕಚೇರಿಯಲ್ಲಿ ಕೈಕೆಳಗಿನವನನ್ನು ಹಂಗಿಸುವಾಗ, ಹತ್ತು ಸೆಕೆಂಡಿನ ಒಂದು ಅವಕಾಶ ನಮ್ಮ ಮುಂದೆ ಇರುತ್ತದೆ. ಆಗ ಒಬ್ಬರು ಬಾಯಿ ತೆರೆದರೆ ಎರಡನೆಯವರಿಗೆ ಅದು ಸುಲಭವಾಗುತ್ತದೆ.