ಶಾಲೆಗೆ ಪೊಲೀಸರು ಬಂದರೆ ಮಕ್ಕಳು ಹೆದರಬೇಕೆ?

‘ಸುಮ್ನ ಕೂಡ್ತಿಯೋ ಇಲ್ಲೋ? ಪೊಲೀಸರ ಕೈಯಾಗ ಕೊಡ್ತೀನಿ ನೋಡು!’

ಬಾಗಲಕೋಟೆಯಿಂದ ಬಾದಾಮಿಯವರೆಗೆ, ಹುನಗುಂದದಿಂದ ಇಳಕಲ್‌ವರೆಗೆ ಈ ಮಾತು ಕೇಳದೆ ಬೆಳೆದ ಮಕ್ಕಳು ಕಡಿಮೆ. ಊಟ ಮಾಡದಿದ್ದರೂ ಪೊಲೀಸ್, ಹೋಂವರ್ಕ್ ಬರೆಯದಿದ್ದರೂ ಪೊಲೀಸ್. ಹೀಗಾಗಿ ಹೈಸ್ಕೂಲಿನ ಗೇಟಿನ ಮುಂದೆ ಜೀಪು ನಿಂತರೆ ಮಕ್ಕಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ‘ಯಾರನ್ನ ಹಿಡಿಯಾಕ ಬಂದಾರ?’

‘ಅಮೆರಿಕದ ಹಾಗೆ ಪ್ರತಿ ಶಾಲೆಗೂ ಒಬ್ಬ ಪೊಲೀಸ್ ಇರಬೇಕು, ಆಗ ಹುಡುಗರಿಗೆ ಶಿಸ್ತು ಬರುತ್ತದೆ’ ಎನ್ನುವವರೂ ಇದ್ದಾರೆ. ಈ ಎರಡು ನಂಬಿಕೆಗಳಲ್ಲಿ ನಿಜವೆಷ್ಟು?

ಶಾಲೆಗೊಬ್ಬ ಪೊಲೀಸ್ ಇದ್ದರೆ ಶಿಸ್ತು ಬರುತ್ತದೆಯೆ?

ಅಮೆರಿಕದಲ್ಲಿ ಶಾಲೆಯಲ್ಲೇ ಕೆಲಸ ಮಾಡುವ ಪೊಲೀಸರಿಗೆ ‘ಸ್ಕೂಲ್ ರಿಸೋರ್ಸ್ ಆಫೀಸರ್’ ಎನ್ನುತ್ತಾರೆ. 1950ರ ದಶಕದಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ಶುರುವಾದ ಈ ಪದ್ಧತಿ, 1999ರ ಕೊಲಂಬೈನ್ ಶಾಲಾ ಗುಂಡಿನ ದಾಳಿಯ ನಂತರ ಇನ್ನಷ್ಟು ಹರಡಿತು. ಅಲ್ಲಿನ ಅಧ್ಯಯನಗಳು ಹೇಳುವುದು ಇಷ್ಟು: ಹೊಡೆದಾಟದಂಥ ಕೆಲವು ಹಿಂಸೆ ಕಡಿಮೆಯಾಗಿದೆ, ಆದರೆ ಬಂದೂಕಿನ ಘಟನೆಗಳು ತಪ್ಪಿಲ್ಲ. ಜೊತೆಗೆ ಮಕ್ಕಳನ್ನು ಶಾಲೆಯಿಂದ ಹೊರಹಾಕುವುದು, ಬಂಧಿಸುವುದು ಹೆಚ್ಚಿದೆ. ಅದರ ಪೆಟ್ಟು ಕಪ್ಪು ಮಕ್ಕಳಿಗೇ ಜಾಸ್ತಿ. ಮೇಷ್ಟ್ರು ಕರೆದು ಬುದ್ಧಿ ಹೇಳಿದರೆ ಮುಗಿಯುತ್ತಿದ್ದ ಸಂಗತಿ ಪೊಲೀಸ್ ಕೇಸಾಗುವ ಅಪಾಯ ಅಲ್ಲಿದೆ.

ನಮ್ಮಲ್ಲಿ ಯಾರಿದ್ದಾರೆ?

ನಮ್ಮ ಕಾನೂನು ಬೇರೆ ದಾರಿ ಹಿಡಿದಿದೆ. 2015ರ ಬಾಲನ್ಯಾಯ ಕಾಯ್ದೆಯ 107ನೇ ಕಲಮಿನ ಪ್ರಕಾರ, ಪ್ರತಿ ಠಾಣೆಯಲ್ಲೂ ಎಎಸ್‌ಐ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಒಬ್ಬರನ್ನಾದರೂ ‘ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ’ ಎಂದು ಗುರುತಿಸಬೇಕು. ತೊಂದರೆಗೆ ಒಳಗಾದ ಮಕ್ಕಳಿರಲಿ, ತಪ್ಪು ಮಾಡಿದ ಮಕ್ಕಳಿರಲಿ, ಮಾತನಾಡಬೇಕಾದವರು ಇವರು. ಜಿಲ್ಲೆಯ ಇಂಥ ಅಧಿಕಾರಿಗಳೆಲ್ಲ ಸೇರಿ, ಡಿವೈಎಸ್‌ಪಿ ಅಥವಾ ಅವರಿಗಿಂತ ಮೇಲಿನವರ ನೇತೃತ್ವದಲ್ಲಿ ವಿಶೇಷ ಮಕ್ಕಳ ಪೊಲೀಸ್ ಘಟಕ ಇರಬೇಕು. ಅದರಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ.

ಅಂದರೆ ಪೊಲೀಸರು ಶಾಲೆಯಲ್ಲಿ ಕಾವಲು ಕೂರುವುದಿಲ್ಲ. ಬೇಕಾದಾಗ ಸಿಗಬೇಕಾದವರು ಠಾಣೆಯಲ್ಲಿರುತ್ತಾರೆ.

ಹುಡುಗ ತಪ್ಪು ಮಾಡಿದರೆ ಲಾಕಪ್ಪಿಗೆ ಹಾಕುತ್ತಾರೆಯೆ?

ಇಲ್ಲ. 18 ವರ್ಷದೊಳಗಿನವರನ್ನು ಯಾವ ಕಾರಣಕ್ಕೂ ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಕೈಕೋಳ ತೊಡಿಸುವಂತಿಲ್ಲ. ವಶಕ್ಕೆ ಪಡೆದರೆ 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಘೋರ ಅಪರಾಧ ಅಲ್ಲದಿದ್ದು, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ ಎಫ್‌ಐಆರ್ ಕೂಡ ಇಲ್ಲ; ಠಾಣೆಯ ದಿನಚರಿಯಲ್ಲಿ ಬರೆದುಕೊಂಡು ಮುಂದುವರಿಯಬೇಕು.

ಮಕ್ಕಳ ಜೊತೆ ಮಾತನಾಡುವಾಗ ಪೊಲೀಸರು ಸಾಧ್ಯವಾದಷ್ಟೂ ಸಾದಾ ಬಟ್ಟೆಯಲ್ಲಿರಬೇಕು ಎಂದು ನಿಯಮವೇ ಹೇಳುತ್ತದೆ. ಖಾಕಿ ಕಂಡರೆ ಮಕ್ಕಳ ಬಾಯಿ ಕಟ್ಟುತ್ತದೆ ಎನ್ನುವುದು ಕಾನೂನಿಗೂ ಗೊತ್ತು.

ಈ ನಿಯಮ ಕಾಗದದ ಮೇಲಷ್ಟೇ ಉಳಿದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ರಾಜ್ಯವೇ ಕಂಡಿದೆ. 2020ರ ಜನವರಿಯಲ್ಲಿ ಬೀದರ್‌ನ ಒಂದು ಶಾಲೆಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಮಕ್ಕಳು ಆಡಿದ ನಾಟಕ ದೇಶದ್ರೋಹದ ಪ್ರಕರಣವಾಯಿತು. ಪೊಲೀಸರು ಸಮವಸ್ತ್ರದಲ್ಲೇ ಶಾಲೆಗೆ ಹೋಗಿ ಮಕ್ಕಳನ್ನು ಮತ್ತೆ ಮತ್ತೆ ಪ್ರಶ್ನಿಸಿದರು. ವಿಷಯ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಸಮವಸ್ತ್ರ ತೊಟ್ಟು, ಆಯುಧ ಇಟ್ಟುಕೊಂಡು ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೆ ಮಕ್ಕಳ ಹಕ್ಕಿನ ಗಂಭೀರ ಉಲ್ಲಂಘನೆ ಎಂದು 2021ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅಭಿಪ್ರಾಯಪಟ್ಟಿತು. 2023ರಲ್ಲಿ ಶಾಲೆಯ ಆಡಳಿತದ ಮೇಲಿನ ದೇಶದ್ರೋಹದ ಪ್ರಕರಣವೂ ರದ್ದಾಯಿತು.

ಹಾಗಾದರೆ ಪೊಲೀಸರು ಶಾಲೆಗೆ ಬರಲೇಬಾರದೆ?

ಬರಬೇಕು, ಕಲಿಸಲು ಬರಬೇಕು. ಕೇರಳದಲ್ಲಿ 2010ರಲ್ಲಿ ಶುರುವಾದ ‘ಸ್ಟೂಡೆಂಟ್ ಪೊಲೀಸ್ ಕೆಡೆಟ್’ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ದೇಶದ ಇತರೆಡೆಗೂ ವಿಸ್ತರಿಸಿತು. ಇದು 8 ಮತ್ತು 9ನೇ ತರಗತಿಯ ಮಕ್ಕಳಿಗೆ. ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ರಸ್ತೆ ಸುರಕ್ಷತೆ, ಮಹಿಳೆಯರ ಮತ್ತು ಮಕ್ಕಳ ರಕ್ಷಣೆ, ಭ್ರಷ್ಟಾಚಾರ, ವಿಪತ್ತು ನಿರ್ವಹಣೆಯಂಥ ವಿಷಯಗಳ ಪಾಠ ಇರುತ್ತದೆ. ನಮ್ಮ ರಾಜ್ಯದ ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಮಕ್ಕಳೇ ಠಾಣೆಗೆ ಹೋಗಿ ಅಲ್ಲಿನ ಕೆಲಸ ನೋಡಿ ಬರುತ್ತಾರೆ. ಠಾಣೆಯ ಹೊಸ್ತಿಲನ್ನು ಒಮ್ಮೆ ಹೆದರದೆ ದಾಟಿದ ಮಗು, ಕಷ್ಟ ಬಂದಾಗ ಇನ್ನೊಮ್ಮೆ ದಾಟೀತು ಎನ್ನುವುದು ಇದರ ಹಿಂದಿನ ಲೆಕ್ಕ.

ಯಾವುದಕ್ಕೆ ಕರೆಯಬೇಕು, ಯಾವುದಕ್ಕೆ ಬೇಡ?

ತಡವಾಗಿ ಬರುವುದು, ಮೊಬೈಲ್ ತರುವುದು, ಹುಡುಗರ ಸಣ್ಣ ಜಗಳ – ಇವು ಶಿಕ್ಷಕರು ಮತ್ತು ಪಾಲಕರು ಬಗೆಹರಿಸಬೇಕಾದ ವಿಷಯಗಳು. ಇವಕ್ಕೆ ಪೊಲೀಸರ ಹೆಸರು ಹೇಳಿ ಹೆದರಿಸುವುದೂ ಬೇಡ.

ಆದರೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಮೇಲೆ ‘ಶಾಲೆಯ ಮರ್ಯಾದೆ’ ಎಂದು ಮುಚ್ಚಿಡುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ದೂರು ಕೊಡುವುದು ಕಡ್ಡಾಯ. ಕೊಡದಿದ್ದರೆ 6 ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನ ಸಿಬ್ಬಂದಿಯ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಮಟ್ಟಿಗೆ ಮಹಿಳಾ ಎಸ್‌ಐ ಅದನ್ನು ಬರೆದುಕೊಳ್ಳಬೇಕು, ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಬಾಲ್ಯವಿವಾಹವೂ ಹಾಗೆಯೇ. ಒಂಬತ್ತನೆಯ ತರಗತಿಯ ಹುಡುಗಿಗೆ ಮನೆಯಲ್ಲಿ ಗುಟ್ಟಾಗಿ ಮದುವೆ ಗೊತ್ತು ಮಾಡಿದ್ದಾರೆ ಎಂದುಕೊಳ್ಳಿ. ಅವಳು ಯಾರಿಗೆ ಹೇಳಬೇಕು? ಮಕ್ಕಳ ಸಹಾಯವಾಣಿ 1098ಕ್ಕೆ, ತುರ್ತು ಸಂಖ್ಯೆ 112ಕ್ಕೆ, ನಂಬಿಕೆಯ ಶಿಕ್ಷಕರಿಗೆ ಅಥವಾ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಗೆ. ಆದರೆ ಹುಟ್ಟಿದಾಗಿನಿಂದ ‘ಪೊಲೀಸರು ಹಿಡಕೊಂಡು ಹೋಗ್ತಾರ’ ಎಂದೇ ಕೇಳಿದ ಹುಡುಗಿ ಫೋನ್ ಎತ್ತುತ್ತಾಳೆಯೆ?

ನಾವು ತಮಾಷೆಗೆ ಹಾಕುವ ಬೆದರಿಕೆಯ ನಿಜವಾದ ಬೆಲೆ ಇದು. ಮಗುವನ್ನು ಐದು ನಿಮಿಷ ಸುಮ್ಮನೆ ಕೂರಿಸಲು ಹೇಳಿದ ಮಾತು, ಬಾಯಿ ಬಿಡಲೇಬೇಕಾದ ದಿನವೂ ಅದನ್ನು ಸುಮ್ಮನಿರಿಸಬಹುದು.

ಮುಂದಿನ ಪಾಲಕರ ಸಭೆಗೆ ಹೋದಾಗ ಒಂದು ಪ್ರಶ್ನೆ ಕೇಳಿ: ‘ನಮ್ಮ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು? ಅವರ ಹೆಸರು, ನಂಬರ್ ನೋಟಿಸ್ ಬೋರ್ಡಿನಲ್ಲಿ ಇದೆಯೆ?’ ಮನೆಗೆ ಬಂದ ಮೇಲೆ ಮಗುವಿಗೆ ಹೇಳಿ: ‘ಯಾರಾದ್ರೂ ತ್ರಾಸ ಕೊಟ್ರ ಪೊಲೀಸರಿಗೆ ಹೇಳಬಹುದು. ನಾ ನಿನ್ ಜೋಡಿ ಬರ್ತೀನಿ.’