ಕಾಗದದ ರೋಗಿಗೆ ಮರೆವಿಲ್ಲ

ಅರವತ್ತೆಂಟು ವರ್ಷದ ಮಹಿಳೆ. ಎರಡು ದಿನಗಳಿಂದ ಮಂಕು, ಗೊಂದಲದ ಮಾತು. ರಕ್ತದೊತ್ತಡಕ್ಕೆಂದು ಎರಡು ವಾರಗಳ ಹಿಂದೆ ಹೈಡ್ರೋಕ್ಲೋರೋಥಯಜೈಡ್ ಮಾತ್ರೆ ಆರಂಭಿಸಲಾಗಿದೆ. ರಕ್ತದಲ್ಲಿ ಲೀಟರಿಗೆ ಕನಿಷ್ಠ 135 ಮಿಲಿಮೋಲ್ ಇರಬೇಕಾದ ಸೋಡಿಯಂ 118ಕ್ಕೆ ಇಳಿದಿದೆ. ಮುಂದಿನ ಕ್ರಮವೇನು?

ನಮ್ಮಲ್ಲಿ ಜನರಲ್ ಮೆಡಿಸಿನ್ ಎನ್ನುವ ವಿಭಾಗಕ್ಕೆ ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ಎಂದು ಹೆಸರು. ಅಲ್ಲಿ ಮೂರು ವರ್ಷಗಳ ರೆಸಿಡೆನ್ಸಿ ಪೂರೈಸಿದ ವೈದ್ಯರು ಬೋರ್ಡ್ ಪರೀಕ್ಷೆಗೆ ಸಿದ್ಧರಾಗುವುದು ಇಂಥ ನೂರಾರು ಮಾದರಿ ಕೇಸುಗಳನ್ನು ಬಿಡಿಸುತ್ತ. ಪರೀಕ್ಷೆ ಒಂದೇ ದಿನ, ಗರಿಷ್ಠ 240 ಪ್ರಶ್ನೆಗಳು; ಒಂದೊಂದಕ್ಕೆ ಸಿಗುವುದು ಸರಾಸರಿ ಎರಡು ನಿಮಿಷ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಲ್ಲಿಗೆ ಹೋದವರೂ ಈ ಹೊಸ್ತಿಲನ್ನು ದಾಟಬೇಕಾಗುತ್ತದೆ.

ಇದನ್ನು ಗಿಳಿಪಾಠವೆಂದು ಹಳಿಯುವವರಿದ್ದಾರೆ. ಆ ಮಾತನ್ನು ಒಪ್ಪುವುದು ಕಷ್ಟ. ಮೇಲಿನ ಕೇಸನ್ನೇ ನೋಡಿ. ಮಾತ್ರೆ ನಿಲ್ಲಿಸಬೇಕೆಂಬುದಂತೂ ಖಚಿತ. ಕುಸಿದ ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದರೆ ಮೆದುಳಿನ ನರತಂತುಗಳ ಹೊದಿಕೆಗೆ ಹಾನಿಯಾದೀತು. ಹಾಗೆಂದು ಫಿಟ್ಸ್ ಬರುತ್ತಿರುವವರಲ್ಲಿ ತಡಮಾಡುವಂತಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಮೂತ್ರಪಿಂಡಗಳು ತಾವಾಗಿಯೇ ನೀರನ್ನು ಹೊರಹಾಕತೊಡಗಿ, ಸೋಡಿಯಂ ನಿರೀಕ್ಷೆ ಮೀರಿ ಏರುವುದೂ ಉಂಟು. ಹೀಗಾಗಿ ಕೆಲವು ಗಂಟೆಗಳಿಗೊಮ್ಮೆ ರಕ್ತ ಪರೀಕ್ಷಿಸುತ್ತಿರಬೇಕು. ಪಠ್ಯಪುಸ್ತಕ ಓದಿದವರಿಗೆ ಇವೆಲ್ಲ ಬಿಡಿಬಿಡಿಯಾಗಿ ಗೊತ್ತಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿವೇಚನೆ ಮೂಡುವುದು ಕೇಸುಗಳನ್ನು ಬಿಡಿಸಿದಾಗ. ಅದೂ ಆಯ್ಕೆಗಳನ್ನು ಕೈಯಲ್ಲಿ ಮುಚ್ಚಿಟ್ಟು ಮೊದಲು ಸ್ವಂತ ಉತ್ತರ ಬರೆದುಕೊಂಡು, ಬಳಿಕ ಉಳಿದ ಆಯ್ಕೆಗಳು ಏಕೆ ತಪ್ಪೆಂದು ವಿಚಾರಿಸಿದಾಗ. (ಅಂಕ ಎಣಿಸುವ ಆತುರದಲ್ಲಿ ಹೆಚ್ಚಿನವರು ಕೈಬಿಡುವುದು ಇದನ್ನೇ.)

ತೊಡಕಿರುವುದು ಬೇರೆಡೆ. ಕಾಗದದ ರೋಗಿ ಏನನ್ನೂ ಮರೆಯುವುದಿಲ್ಲ. ಮಾತ್ರೆಯ ಹೆಸರನ್ನು ಕೇಳುವ ಮೊದಲೇ ಒಪ್ಪಿಸಿಬಿಡುತ್ತಾಳೆ. ವಾರ್ಡಿನಲ್ಲಿ ಆಕೆಗೆ ಮಾತನಾಡುವ ಸ್ಥಿತಿಯೇ ಇರುವುದಿಲ್ಲ. ಮಗ 'ಯಾವುದೋ ಬಿ.ಪಿ. ಮಾತ್ರೆ' ಎನ್ನುತ್ತಾನೆ, ಚೀಟಿ ಊರಿನಲ್ಲೇ ಉಳಿದಿರುತ್ತದೆ. 1936ರಲ್ಲಿ ಸ್ಥಾಪನೆಯಾದ ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್ ಹಿಂದೆ ಲಿಖಿತ ಪರೀಕ್ಷೆಯ ಜತೆಗೆ ಮೌಖಿಕ ಪರೀಕ್ಷೆಯನ್ನೂ ನಡೆಸುತ್ತಿತ್ತು. 1972ರಲ್ಲಿ ಅದನ್ನು ಕೈಬಿಟ್ಟು, ರೋಗಿಯ ಬಳಿ ತೋರಬೇಕಾದ ಕೌಶಲವನ್ನು ಅಳೆಯುವ ಹೊಣೆಯನ್ನು ತರಬೇತಿ ನೀಡುವವರಿಗೇ ಒಪ್ಪಿಸಿತು. ನಮ್ಮ ಎಂ.ಡಿ. ಪರೀಕ್ಷೆಯಲ್ಲಿ ಇಂದಿಗೂ ಲಾಂಗ್ ಕೇಸ್ ಇದೆ: ನಿಜವಾದ ರೋಗಿಯನ್ನು ಮಾತನಾಡಿಸಿ, ತಪಾಸಣೆ ಮಾಡಿ, ಪರೀಕ್ಷಕರನ್ನು ಎದುರಿಸಬೇಕು. ಪರೀಕ್ಷಕರ ಮನೋಧರ್ಮ, ಪಾಲಿಗೆ ಬಂದ ರೋಗಿ ಎರಡೂ ಅದೃಷ್ಟವೇ. ಆದರೂ ಈ ಪದ್ಧತಿಯನ್ನು ಬಿಡಲು ಮನಸ್ಸಾಗದು.

ಕಾಗದದ ಕೇಸಿಗೆ ಬಾಯಿ ಕೊಡುವ ಉಪಾಯವೂ ಇದೆ. ಇಬ್ಬರು ಕುಳಿತು, ಒಬ್ಬರು ಆ ಮಹಿಳೆಯ ಮಗನಾಗಿ, ಕೇಳಿದ್ದಕ್ಕಷ್ಟೇ ಉತ್ತರಿಸುತ್ತ ಹೋಗುವುದು. ಎರಡು ವಾರದ ಹಿಂದೆ ಮಾತ್ರೆ ಬದಲಾಯಿತೆಂಬ ಸಂಗತಿ ಹೊರಬರಲು ಎಷ್ಟು ಪ್ರಶ್ನೆಗಳು ಬೇಕಾದವೆಂದು ಆಮೇಲೆ ಎಣಿಸಿಕೊಳ್ಳಬಹುದು.